ವಾಚು ಎಡ, ಊಟ ಬಲ

ಬುದ್ಧಿವಂತರಿಗೆ ಎಡವಟ್ಟು ವರ್ಷಕ್ಕೊಂದು ಆಗುತ್ತದಂತೆ. ನಮಗೆ ಪ್ರತಿ ಶುಕ್ರವಾರ ಸಂಜೆ ನಾಲ್ಕು ಗಂಟೆಗೆ, ಹೇಳಿ ಕಳಿಸಿದ ಹಾಗೆ ಆಗುತ್ತಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಒಮಾನಿನ ಅಲ್ ಹೈಲ್‌ನಲ್ಲಿ ಸಂಸಾರ ಹೂಡಿಕೊಂಡು ಒಂದು ಕಂಪೆನಿಯಲ್ಲಿ ಟೈಪಿಸ್ಟ್ ಆಗಿದ್ದೆ. ವಾರವಿಡೀ ಕೂತು ಸೆಟೆದುಕೊಂಡ ಬೆನ್ನನ್ನು ಬಿಡಿಸಲಿಕ್ಕೆ ಶುಕ್ರವಾರದ ಫುಟ್‌ಬಾಲ್. ಮಂಗಳೂರು, ಉಡುಪಿ ಕಡೆಯವರದ್ದು ಒಂದು ತಂಡ, ಗೋವಾದವರದ್ದು ಇನ್ನೊಂದು. ಮೈದಾನ ಅಂದರೆ ನಾವೇ ಕಲ್ಲು ಹೆಕ್ಕಿ ಮಾಡಿದ ಬಯಲು. ಗೋಲಿನ ಕಂಬಗಳು ಕಬ್ಬಿಣದ ಪೈಪಿನವು. ಬೆಳಗಾದರೆ ಲಾರಿಗಳು ತಿರುಗುವ ಜಾಗ, ಕಂಬ ಅಲ್ಲೇ ಬಿಡುವ ಹಾಗಿಲ್ಲ. ಆಟ ಮುಗಿದ ಮೇಲೆ ಬಿಚ್ಚಿ, ಹೊತ್ತು, ಪಿಕಪ್ಪಿಗೆ ಹೇರಿ, ಅಲ್ ಮವಾಲೇಹ್‌ನ ಒಂದು ಅಂಗಡಿಯ ಹಿತ್ತಲಲ್ಲಿ ಇಡಬೇಕು. ಕಟ್ಟುವುದು, ಬಿಚ್ಚುವುದು, ಹೊರುವುದು ಎಲ್ಲ ಸೋತವರ ಕೆಲಸ.

ನಮ್ಮ ಕಪ್ತಾನರು ಹನ್ನೊಂದು ವರ್ಷದಿಂದ ಹೊರುತ್ತಿದ್ದರು.

ಕಪ್ತಾನರು ನಮ್ಮ ಕಂಪೆನಿಯ ಸ್ಟೋರ್ ನೋಡಿಕೊಳ್ಳುವವರು, ಐವತ್ತರ ಹತ್ತಿರದವರು. ಆ ವರ್ಷ ಅವರು ಕೆಲಸ ಬಿಟ್ಟು ಊರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಕಫೀಲ್, ಅಂದರೆ ವೀಸಾ ಕೊಟ್ಟ ಅರಬಿ ಧಣಿ, ಕಾಗದಕ್ಕೆ ಸಹಿಯನ್ನೂ ಹಾಕಿದ್ದ. ಹೋಗುವ ಮೊದಲು ಅವರಿಗೆ ಆಸೆ ಒಂದೇ.

"ಒಂದು ಸಲ, ಒಂದೇ ಸಲ ಮಾರಾಯ, ಆ ಗೋವಾದವರು ಕಂಬ ಹೊರುವುದನ್ನು ನಾನು ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತಾ ನೋಡಬೇಕು. ಆಮೇಲೆ ಬೇಕಾದರೆ ಕೈಕಾಲು ಕಟ್ಟಿ ವಿಮಾನ ಹತ್ತಿಸಿ" ಎನ್ನುತ್ತಿದ್ದರು.

ಹೇಳುವಾಗ ನಗುತ್ತಿದ್ದರು, ಆದರೆ ಅದು ತಮಾಷೆಯ ಮಾತಲ್ಲವೆಂದು ನಮಗೆಲ್ಲ ಗೊತ್ತಿತ್ತು. ಆ ಆಸೆ ತೀರಿಸಲಿಕ್ಕೆ ಹೋಗಿ ನಾವು ಪಟ್ಟ ಪಾಡು ಇದು.

೧. ಭಾಷೆ ಹೆಚ್ಚಾದರೆ

ಸೋಲಿಗೆ ಕಾರಣವನ್ನು ಕಪ್ತಾನರೇ ಕಂಡುಹಿಡಿದರು. ಅವರು ನಡುವೆ ನಿಂತು, ಚೆಂಡನ್ನು ಎಡಕ್ಕೆ ಹೊಡೆಯಬೇಕೋ ಬಲಕ್ಕೋ ಎಂದು ನಮಗೆ ಕೂಗಿ ಹೇಳುವವರು. ಕೂಗುತ್ತಿದ್ದದ್ದು ಕೊಂಕಣಿಯಲ್ಲಿ. ಗೋವಾದವರೂ ಕೊಂಕಣಿಯವರೇ. "ಉಜ್ವ್ಯಾಕ್" ಎಂದು ಇವರು ಕೂಗಿದರೆ ನಮ್ಮವರು ತಲೆ ಎತ್ತುವಷ್ಟರಲ್ಲಿ ಅವರ ನಾಲ್ಕು ಜನ ಬಲಗಡೆ ಹೋಗಿ ಕಾಯುತ್ತಿದ್ದರು.

"ಇನ್ನು ತುಳು" ಎಂದರು ಕಪ್ತಾನರು. ತುಳುವಿನಲ್ಲೂ ಅದೇ ಹಾಡು. ವಿಚಾರಿಸಿದರೆ, ಅವರ ಬ್ಯಾಕ್ ಆಡುವವನು ಮಲ್ಪೆಯಲ್ಲಿ ಒಂಬತ್ತು ವರ್ಷ ಬೋಟಿನ ಕೆಲಸ ಮಾಡಿದವನು. ಅವನಿಗೆ ತುಳುವೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು, ಎರಡರಲ್ಲೂ ಬೈಗುಳ ನಮಗಿಂತ ಚೆನ್ನಾಗಿ ಬರುತ್ತಿತ್ತು.

ಉಳಿದದ್ದು ಬ್ಯಾರಿ ಭಾಷೆ, ನಮ್ಮ ಕರಾವಳಿಯ ಮುಸ್ಲಿಮರ ಮಾತು. ನಮ್ಮ ಗೋಲ್‌ಕೀಪರ್ ಬ್ಯಾರಿಯವರು, ಅಲ್ ಮವಾಲೇಹ್‌ನಲ್ಲಿ ದಿನಸಿ ಅಂಗಡಿ ಇಟ್ಟವರು. ಕಂಬ ಇಡುತ್ತಿದ್ದದ್ದು ಅವರ ಹಿತ್ತಲಲ್ಲೇ. ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಕಪ್ತಾನರು ಎರಡು ದಿನ ಅಂಗಡಿಗೆ ಹೋಗಿ ಎಡ ಬಲಕ್ಕೆ ಬ್ಯಾರಿ ಮಾತು ಕಲಿತು ಬಂದರು. ಶುಕ್ರವಾರ ಗಟ್ಟಿಯಾಗಿ ಕೂಗಿದರು. ಗೋವಾದವರು ಕಕ್ಕಾಬಿಕ್ಕಿಯಾಗಿ ನಿಂತರು. ನಾವೂ ನಿಂತೆವು.

"ಓಡಿ, ಯಾಕೆ ನಿಂತಿರಿ?" ಎಂದರು ಕಪ್ತಾನರು.

"ಎಂತ ಹೇಳಿದ್ದು ಅಂತ ಗೊತ್ತಾಗಲಿಲ್ಲ" ಎಂದೆ ನಾನು.

ನಮಗೆ ಕಲಿಸುವುದನ್ನೇ ಅವರು ಮರೆತಿದ್ದರು.

೨. ಇಗರ್ಜಿಯ ಬೆಂಚು

ಭಾಷೆ ಬಿಟ್ಟು ಕೋಡ್ ಮಾಡೋಣ ಎಂದು ಆಮೇಲೆ ತೀರ್ಮಾನವಾಯಿತು. ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಒಳಗೆ ಹೋಗುವಾಗ ಹೆಂಗಸರ ಬೆಂಚು ಎಡಗಡೆ, ಗಂಡಸರದ್ದು ಬಲಗಡೆ. ಹಾಗಾಗಿ "ಹೆಂಗಸರು" ಅಂದರೆ ಎಡ, "ಗಂಡಸರು" ಅಂದರೆ ಬಲ. "ಹುಟ್ಟಿದಂದಿನಿಂದ ನೋಡಿದ್ದು, ಮರೆಯುವ ಪ್ರಶ್ನೆಯೇ ಇಲ್ಲ" ಎಂದರು ಕಪ್ತಾನರು.

ನಮ್ಮ ಲೆಫ್ಟ್ ಔಟ್ ಆಡುವವನು ಕೈ ಎತ್ತಿದ. ಅವನು ಚಿಕ್ಕಂದಿನಲ್ಲಿ ಪಾದ್ರಿಗಳ ಪಕ್ಕ ನಿಂತು ಪೂಜೆಗೆ ಸಹಾಯ ಮಾಡುತ್ತಿದ್ದವನು. "ಪೀಠದ ಹತ್ತಿರ ನಿಂತು ಜನರ ಕಡೆ ನೋಡಿದರೆ ಹೆಂಗಸರು ಬಲಗಡೆ ಅಲ್ಲವೇ?" ಎಂದು ಕೇಳಿದ.

"ನಿನ್ನನ್ನು ಯಾರು ಆ ಕಡೆ ನೋಡಲಿಕ್ಕೆ ಹೇಳಿದ್ದು? ದೇವರ ಕಡೆ ನೋಡು" ಎಂದು ಗದರಿಸಿ ಕೂರಿಸಿದರು.

ಕಷ್ಟ ಬಂದದ್ದು ಅವನಿಂದಲ್ಲ. ನಮ್ಮ ಮನೆಯವರೆಲ್ಲ ಪಿಕಪ್ಪಿನ ನೆರಳಲ್ಲಿ ಚಾಪೆ ಹಾಸಿ, ಥರ್ಮಾಸು ಇಟ್ಟುಕೊಂಡು ಹರಟುತ್ತಿದ್ದರು. ಆಟ ರಂಗೇರಿದಾಗ ಕಪ್ತಾನರು ಕೈ ಬೀಸಿ ಕೂಗಿದರು, "ಹೆಂಗಸರು! ಹೆಂಗಸರು, ಬೇಗ ಬೇಗ!" ಚಾಪೆಯ ಮೇಲೆ ಗಡಿಬಿಡಿಯಾಯಿತು. ಯಾರಿಗೋ ತಲೆ ತಿರುಗಿತೆಂದು ತಿಳಿದು, ಐದಾರು ಹೆಂಗಸರು ಲೋಟ, ಲಿಂಬೆ ಶರಬತ್ತು ಹಿಡಿದು ಮೈದಾನದ ನಡುವೆಯೇ ಬಂದುಬಿಟ್ಟರು. ಮುಂದೆ ಓಡಿ ಬಂದವಳು ನನ್ನ ಹೆಂಡತಿಯೇ. ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆ?

ಗೋವಾದವರು ಎರಡೆರಡು ಲೋಟ ಕುಡಿದರು. ಆ ಚುರುಕಿನಲ್ಲಿ ಎರಡು ಗೋಲನ್ನೂ ಹೊಡೆದರು.

೩. ಕಡಲು ಮತ್ತು ಗುಡ್ಡ

"ಕಣ್ಣಿಗೆ ಕಾಣುವ ವಸ್ತು ಇಟ್ಟುಕೊಳ್ಳೋಣ" ಎಂದು ಈ ಸಲ ಸಲಹೆ ಕೊಟ್ಟದ್ದು ನಾನೇ, ಸುಳ್ಳು ಯಾಕೆ ಹೇಳಲಿ. ಮೈದಾನದಲ್ಲಿ ಮೂಡುಗಡೆಯ ಗೋಲಿಗೆ ಆಡುವಾಗ ಎಡಗಡೆ ಕಡಲು, ಬಲಗಡೆ ದೂರದಲ್ಲಿ ಬೋಳು ಗುಡ್ಡಗಳು. ಎಡಕ್ಕೆ "ಕಡಲು", ಬಲಕ್ಕೆ "ಗುಡ್ಡ". ಕಪ್ತಾನರು ನನ್ನ ಬೆನ್ನು ತಟ್ಟಿದರು.

ಮೊದಲರ್ಧದಲ್ಲಿ ಎಂತಹ ಆಟ ಅಂತೀರಿ! ಒಂದು ಗೋಲು ಹೊಡೆದೆವು. ಕಪ್ತಾನರು ಆಗಲೇ ಕುರ್ಚಿ ತಂದಿದ್ದೀರಾ ಎಂದು ವಿಚಾರಿಸಿದರು.

ಅರ್ಧ ಆಟ ಮುಗಿದು ಕಡೆ ಬದಲಾಯಿಸಿದೆವು. "ಕಡಲು!" ಎಂದು ಕೂಗಿದರು ಕಪ್ತಾನರು. ನಾಲ್ಕು ಜನ ನಿಜವಾದ ಕಡಲಿನ ಕಡೆ, ಅಂದರೆ ಬಲಕ್ಕೆ ಓಡಿದರು. ಮೂವರು ಕಡಲು ಅಂದರೆ ಎಡವಲ್ಲವೇ ಎಂದು ಗುಡ್ಡದ ಕಡೆ ಓಡಿದರು. ನಾನು ಸಲಹೆ ಕೊಟ್ಟವನು, ಎರಡೂ ಕಡೆ ನೋಡುತ್ತಾ ನಿಂತೆ. ಚೆಂಡು ನಡುವಿನಲ್ಲಿ ಒಂಟಿಯಾಗಿ ಕೂತಿತ್ತು. ಗೋವಾದವರು ಅದನ್ನು ಎತ್ತಿಕೊಂಡು ಹೋದ ಹಾಗೆ ಹೋಗಿ ಗೋಲು ಹಾಕಿದರು, ಮೂರು ಸಲ.

ಸಂಜೆ ಕಂಬ ಹೊರುವಾಗ ಕಪ್ತಾನರು ಕಡಲನ್ನು ದುರುಗುಟ್ಟಿ ನೋಡಿ, "ನಮ್ಮೂರಿನ ಕಡಲಾದರೆ ಹೀಗೆ ಮಾಡುತ್ತಿರಲಿಲ್ಲ" ಎಂದರು.

೪. ಕಾಕನ ಕೈ

ಇನ್ನು ಯಾರೂ ತಪ್ಪಲಿಕ್ಕೆ ಸಾಧ್ಯವಿಲ್ಲದ ಕೋಡ್ ಬೇಕೆಂದು ಕಪ್ತಾನರು ಒಂದು ವಾರ ಯೋಚಿಸಿದರು. "ನೋಡಿ, ಉಣ್ಣುವುದು ಯಾವ ಕೈಯಲ್ಲಿ? ಬಲಗೈಯಲ್ಲಿ. ವಾಚು ಕಟ್ಟುವುದು? ಎಡಗೈಗೆ. ಊಟ ಅಂದರೆ ಬಲ, ವಾಚು ಅಂದರೆ ಎಡ. ನಮ್ಮ ಮೈಯಲ್ಲೇ ಇರುವುದು, ಕಡಲಿನ ಹಾಗೆ ತಿರುಗುವುದಿಲ್ಲ."

ಎಲ್ಲರೂ ತಲೆದೂಗಿದೆವು. ಅಂದಿನ ಆಟದಲ್ಲಿ ಚೆಂಡು ಕಾಕನ ಕೈಗೆ ಬಂತು. "ವಾಚು!" ಎಂದರು ಕಪ್ತಾನರು. ಕಾಕ ಬಲಕ್ಕೆ ಒದ್ದರು. ಮತ್ತೆ ಬಂತು. "ಊಟ!" ಎಂದರು. ಕಾಕ ಬಲಕ್ಕೆ ಒದ್ದರು. ಮೂರನೆಯ ಸಲ "ವಾಚು" ಎಂದಾಗಲೂ ಬಲಕ್ಕೇ. ನಾನು ಬಲಗಡೆ ಆಡುವವನು, ಓಡಿ ಓಡಿ ನನ್ನ ನಾಲಗೆ ಹೊರಬಂದಿತ್ತು. ಎಡಗಡೆಯವನು ಸೊಂಟಕ್ಕೆ ಕೈ ಇಟ್ಟು ನಿಂತಿದ್ದ.

ಕಪ್ತಾನರು ಆಟ ನಿಲ್ಲಿಸಿ ಗೋಲಿನ ಹತ್ತಿರ ಹೋದರು. "ಕಾಕ, ನಿಮ್ಮ ವಾಚು ಎಲ್ಲಿ?"

ಕಾಕ ಬಲಗೈ ಎತ್ತಿ ತೋರಿಸಿದರು. ದೊಡ್ಡ ಬಂಗಾರದ ಬಣ್ಣದ ವಾಚು. ಅಂಗಡಿಯಲ್ಲಿ ಸಾಮಾನು ಕೊಡುವುದು ಬಲಗೈಯಲ್ಲಿ, ವಾಚು ಅಲ್ಲಿದ್ದರೆ ತಾನೇ ಗಿರಾಕಿಗೆ ಕಾಣುವುದು? ಆಟ ಆಡುವಾಗಲೂ ಬಿಚ್ಚುತ್ತಿರಲಿಲ್ಲ.

"ಊಟವೂ ಈ ಕೈಯಲ್ಲೇ, ವಾಚೂ ಈ ಕೈಯಲ್ಲೇ" ಎಂದರು ಕಾಕ, ಬಹಳ ಶಾಂತವಾಗಿ. "ನಿಮ್ಮ ಕೋಡಿನಲ್ಲಿ ಎಡ ಅಂತ ಇಲ್ಲವೇ ಇಲ್ಲವಲ್ಲ ಮಾರ್ರೆ."

೫. ಬಾತ್‌ರೂಮಿನ ಗವಾಕ್ಷಿ

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕೋಡ್ ನನ್ನ ತಲೆಗೆ ಬೇಗ ಹತ್ತುತ್ತಿರಲಿಲ್ಲ. ಶಾಲೆಯಲ್ಲಿ ಮಗ್ಗಿ ಕಲಿತ ಹಾಗೆ ಬಾಯಿಪಾಠ ಮಾಡಬೇಕು. ಬೆಳಿಗ್ಗೆ ಸ್ನಾನ ಮಾಡುವಾಗ ರಾಗವಾಗಿ ಹೇಳಿಕೊಳ್ಳುತ್ತಿದ್ದೆ: "ಹೆಂಗಸರು ಎಡ, ಗಂಡಸರು ಬಲ. ಕಡಲು ಎಡ, ಗುಡ್ಡ ಬಲ." ಹೊರಗಿನಿಂದ ಹೆಂಡತಿ, "ಇದೆಂತ ಹೊಸ ಪ್ರಾರ್ಥನೆ? ನೀರು ಖಾಲಿಯಾಗುತ್ತದೆ, ಬನ್ನಿ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಮೈಗೆಲ್ಲ ಸೋಪು ಹಚ್ಚಿಕೊಂಡು, ನಾಲ್ಕು ದಿನದಿಂದ ಹೇಳುತ್ತಿದ್ದ ಹೊಸ ಪಾಠ ಶುರುಮಾಡಿದೆ. "ವಾಚು ಎಡ..." ಎಂದೆ. ಮುಂದಿನದ್ದು ಮರೆತುಹೋಯಿತು. "ವಾಚು ಎಡ... ವಾಚು ಎಡ..." ಎಂದು ತಡವರಿಸುತ್ತಾ ನಿಂತೆ.

ಗವಾಕ್ಷಿಯ ಆಚೆಯಿಂದ ಒಂದು ಗಂಡಸಿನ ಸ್ವರ, ಸ್ಪಷ್ಟ ಕನ್ನಡದಲ್ಲಿ, "ಊಟ ಬಲ" ಎಂದಿತು.

ಪಕ್ಕದ ಫ್ಲಾಟು ಗೋವಾದವರ ಕಪ್ತಾನನದ್ದು. ಅವನೇ ಅವರ ಗೋಲ್‌ಕೀಪರ್ ಕೂಡ. ಅವನಿಗೆ ಬರುತ್ತಿದ್ದ ಕನ್ನಡ ಅಂದರೆ ನಾನು ಹೀಗೆ ಸ್ನಾನ ಮಾಡುತ್ತಾ ಕಲಿಸಿದ್ದು ಅಷ್ಟೇ.

೬. ಕೊನೆಯ ಶುಕ್ರವಾರ

ಕಪ್ತಾನರ ಟಿಕೇಟು ಸೋಮವಾರಕ್ಕೆ. ಅದಕ್ಕೆ ಮೊದಲಿನ ಶುಕ್ರವಾರ ಕಾಕ ಅಂಗಡಿಯಿಂದ ಒಂದು ಕುರ್ಚಿ, ಒಂದು ಫ್ಲಾಸ್ಕು ಚಹಾ ತಂದು ಮೈದಾನದ ಬದಿಗೆ ಇಟ್ಟರು. ನಾನು ಆ ಕುರ್ಚಿಗೆ ಬೆನ್ನು ಹಾಕಿ ನಿಂತೆ. ನಮ್ಮ ಗುಟ್ಟನ್ನೆಲ್ಲ ಸೋಪಿನ ನೊರೆಯ ಜೊತೆ ಹೊರಗೆ ಬಿಟ್ಟವನು ನಾನು. ಹೇಳಿಬಿಡೋಣವೆಂದು ಎರಡು ಸಲ ಅವರ ಹತ್ತಿರ ಹೋಗಿ, ಎರಡು ಸಲವೂ ಬೂಟಿನ ದಾರ ಬಿಗಿಸಿಕೊಂಡು ಬಂದೆ.

"ಇವತ್ತು ಕೋಡ್ ಖಲಾಸ್" ಎಂದರು ಕಪ್ತಾನರು. "ಕಣ್ಣಿದೆ, ನೋಡಿ ಆಡಿ."

ಆಡಿದೆವು. ಎಂದೂ ಆಡದ ಹಾಗೆ ಆಡಿದೆವು. ಗೋವಾದವರಿಗೂ ಗೋಲಿಲ್ಲ, ನಮಗೂ ಇಲ್ಲ. ಮಸೀದಿಯಿಂದ ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಕೇಳಿದರೆ ಆಟ ಮುಗಿಯಿತೆಂದು ಲೆಕ್ಕ. ಹೊತ್ತು ಮುಳುಗುತ್ತಾ ಬಂದಿತ್ತು. ಚೆಂಡು ಕಾಕನ ಕೈಗೆ ಸಿಕ್ಕಿತು. ಎಡಗಡೆ ಖಾಲಿ ಇದ್ದದ್ದು ಕಪ್ತಾನರಿಗೆ ಕಂಡಿತು. ಆವೇಶದಲ್ಲಿ, ಬೇಡವೆಂದ ಕೋಡೇ ಬಾಯಿಂದ ಹೊರಟಿತು.

"ವಾಚು! ಕಾಕ, ವಾಚು!"

ಗೋವಾದವರ ಹಿಂದಿನ ಸಾಲು ಇಡೀ, ಒಬ್ಬನೂ ತಪ್ಪದೆ, ನಮ್ಮ ಎಡಕ್ಕೆ ಓಡಿತು. ಅವರ ಕಪ್ತಾನನೂ ಗೋಲಿನಲ್ಲಿ ಆ ಕಡೆಯ ಕಂಬಕ್ಕೆ ಜಿಗಿದು ನಿಂತ. ನಮ್ಮವರೂ ಎಡಕ್ಕೇ ಓಡಿದರು. ನಾನೊಬ್ಬ ಬಲಗಡೆ ನಿಂತು, ವಾಚು ಎಡವೋ ಊಟ ಎಡವೋ ಎಂದು ಇನ್ನೂ ಬಾಯಿಪಾಠ ಹುಡುಕುತ್ತಿದ್ದೆ.

ಕಾಕ ತಮ್ಮ ಬಲಗೈಯ ವಾಚು ನೋಡಿಕೊಂಡರು. ಬಲಕ್ಕೆ ಒದ್ದರು.

ಚೆಂಡು ಬಂದು ನನ್ನ ಕಾಲಿನ ಹತ್ತಿರ ಬಿತ್ತು. ಸುತ್ತ ನೋಡಿದರೆ ನರಪಿಳ್ಳೆ ಇಲ್ಲ. ನಾಲ್ಕು ಹೆಜ್ಜೆ ಓಡಿ ಹೊಡೆದೆ. ಜೋರಾದ ಹೊಡೆತವೇನೂ ಅಲ್ಲ, ಆದರೆ ತಡೆಯಲಿಕ್ಕೆ ಅಲ್ಲಿ ಯಾರಾದರೂ ಇರಬೇಕಲ್ಲ. ಚೆಂಡು ಉರುಳಿಕೊಂಡು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಬಾಂಗ್ ಕೇಳಿಸಿತು.

ಕಪ್ತಾನರು ಕುಣಿಯಲಿಲ್ಲ. ಸೀದಾ ಹೋಗಿ ಕುರ್ಚಿಯಲ್ಲಿ ಕೂತರು. ಕಾಕ ಚಹಾ ಬಗ್ಗಿಸಿ ಕೊಟ್ಟರು. ಲೋಟ ಹಿಡಿದು ಕೂತ ಅವರ ಕಣ್ಣಲ್ಲಿ ನೀರಿತ್ತು.

ಗೋವಾದವರ ಕಪ್ತಾನ ಬಂದು ನನ್ನ ಕೈ ಕುಲುಕಿದ. "ವಾಚು ಎಡ ಅಲ್ಲವೇ? ನಾನು ನಮ್ಮವರಿಗೆಲ್ಲ ಸರಿಯಾಗಿಯೇ ಕಲಿಸಿದ್ದೆ. ಯಾವಾಗ ಬದಲಾಯಿಸಿದಿರಿ? ಬಾತ್‌ರೂಮಿನಲ್ಲಿ ಕೇಳಿಸಲೇ ಇಲ್ಲ" ಎಂದ, ಕೊಂಕಣಿಯಲ್ಲಿ.

"ಬಾತ್‌ರೂಮಿನಲ್ಲಿ ಎಂತದು?" ಎಂದರು ಕಪ್ತಾನರು.

ನಾನು ಉತ್ತರಿಸುವ ಮೊದಲೇ ಆಚೆ ದಡಾರನೆ ಸದ್ದಾಯಿತು. ಗೋವಾದವರಿಗೆ ಕಂಬ ಬಿಚ್ಚಲಿಕ್ಕೇ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯಾದರೂ ಬಿಚ್ಚಿದ್ದರೆ ತಾನೇ? ಅಡ್ಡಪೈಪು ಒಬ್ಬನ ಕಾಲಿನ ಪಕ್ಕದಲ್ಲೇ ಬಿದ್ದಿತ್ತು. "ಹಾಗಲ್ಲ, ಹಾಗಲ್ಲ" ಎನ್ನುತ್ತಾ ಕಪ್ತಾನರು ಎದ್ದೇಬಿಟ್ಟರು. ಲೋಟ ಕುರ್ಚಿಯ ಮೇಲೆ ಉಳಿಯಿತು. ಯಾವ ಬೋಲ್ಟು ಮೊದಲು, ಯಾವುದು ಆಮೇಲೆ ಎಂದು ತೋರಿಸಿದರು. ತೋರಿಸುತ್ತಾ ತೋರಿಸುತ್ತಾ ಪೈಪಿನ ಒಂದು ತುದಿಗೆ ತಮ್ಮದೇ ಹೆಗಲು ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಇನ್ನೊಂದು ತುದಿಗೆ ನಾನು ಹೋದೆ.

ಪಿಕಪ್ಪಿನ ದಾರಿಯಲ್ಲಿ, ಬೆನ್ನು ಅವರ ಕಡೆ ಇದ್ದದ್ದರಿಂದ ಧೈರ್ಯ ಬಂದು, ಸ್ನಾನದ ಕತೆಯನ್ನು ಪೂರ್ತಿ ಹೇಳಿಬಿಟ್ಟೆ. ನಾಲ್ಕು ಹೆಜ್ಜೆ, ಐದು ಹೆಜ್ಜೆ. ಕಂಬ ನಿಂತುಬಿಟ್ಟಿತು.

"ಅಂದರೆ ನಾವು ಗೆದ್ದದ್ದು, ಕೋಡ್ ಅವರಿಗೆ ಗೊತ್ತಿದ್ದದ್ದರಿಂದ?" ಎಂದರು ಕಪ್ತಾನರು.

"ಹೌದು, ಕಪ್ತಾನರೇ."

"ಹನ್ನೊಂದು ವರ್ಷ ಈ ಕಂಬ ಹೊತ್ತೆನಲ್ಲ ಮಾರಾಯ" ಎಂದರು. "ಮೊದಲೇ ಸ್ನಾನ ಮಾಡಲಿಕ್ಕೆ ನಿನಗೆ ಏನು ದಾಡಿಯಾಗಿತ್ತು?"