ಕುರ್ಚಿಗೂ ಬೈಯುವ ನಮ್ಮತ್ತೆ

ನಮ್ಮ ಸೋದರತ್ತೆಯಂಥ ಬಾಯಿಬಡುಕಿ ಹಿಂದೂಪುರದಲ್ಲಿ ಇನ್ನೊಬ್ಬಳಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬೈಯುತ್ತಲೇ ಇರುತ್ತಾಳೆ. ಆದರೆ ಇವತ್ತಿನವರೆಗೆ ಒಬ್ಬ ಮನುಷ್ಯನನ್ನೂ ಬೈದವಳಲ್ಲ! ಮತ್ತೆ ಯಾರನ್ನು ಬೈಯುತ್ತಾಳೆ ಎನ್ನುತ್ತೀರಾ? ಮಗ್ಗವನ್ನು, ಫ್ಯಾನನ್ನು, ನೀರಿನ ಮೋಟಾರನ್ನು, ಗೋಡೆ ಗಡಿಯಾರವನ್ನು. ಮಗು ಎಡವಿ ಬಿದ್ದರೆ ನಾವು ಹೊಸ್ತಿಲಿಗೆ ಎರಡು ಬಾರಿಸಿ, "ಈ ಹೊಸ್ತಿಲು ಕೆಟ್ಟದ್ದು" ಎಂದು ಸಮಾಧಾನ ಮಾಡುವುದಿಲ್ಲವೇ? ಅತ್ತೆ ಅದನ್ನೇ ಮೀಸೆ ಬಂದ ಗಂಡಸರಿಗೂ ಮಾಡುತ್ತಾಳೆ, ಅಷ್ಟೇ.

ಅವಳ ಮನೆಯ ಹಿಂದೆ ರೇಷ್ಮೆ ಸೀರೆ ನೇಯುವ ವಿದ್ಯುತ್ ಮಗ್ಗಗಳ ಶೆಡ್ಡಿದೆ. ಸೀರೆಗೆ ಇಸ್ತ್ರಿ ಮಾಡಿ ಮಡಿಸುವ ಕೆಲಸಕ್ಕೆಂದು ನಾನು ಕಲ್ಯಾಣದುರ್ಗದಿಂದ ಬಂದವಳು. ಬಂದ ವಾರದಲ್ಲೇ ಒಂದು ಸೀರೆಯ ಸೆರಗು ಸುಟ್ಟೆ! ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತ ನಿಂತಿದ್ದೆ. ಅತ್ತೆ ಬಂದವಳೇ ಇಸ್ತ್ರಿಪೆಟ್ಟಿಗೆಯ ಮುಂದೆ ಸೊಂಟಕ್ಕೆ ಕೈಯಿಟ್ಟಳು.

"ಏನ್ಲಾ, ಹೊಸ ಹುಡ್ಗಿ ಅಂತ ಆಟ ಆಡಿಸ್ತೀಯಾ? ಹೋಗು, ಬಿಸ್ಲಾಗೆ ನಿಂತ್ಕ!"

ಇಸ್ತ್ರಿಪೆಟ್ಟಿಗೆ ಮಧ್ಯಾಹ್ನದವರೆಗೆ ಬೇವಿನ ಮರದ ಪಕ್ಕದ ಕಲ್ಲಿನ ಮೇಲೆ ಶಿಕ್ಷೆ ಅನುಭವಿಸಿತು. ಆಮೇಲೆ ಅತ್ತೆ ನನ್ನ ಕೈ ಹಿಡಿದು, ಎಷ್ಟು ಬಿಸಿಗೆ ಎಷ್ಟು ನೀರು ಚಿಮುಕಿಸಬೇಕೆಂದು ತೋರಿಸಿಕೊಟ್ಟಳು.

ನೇಯುವ ಓಬಳೇಶಣ್ಣ ದಿನಾ ತಡವಾಗಿ ಬರತೊಡಗಿದಾಗ ಬೈಸಿಕೊಂಡಿದ್ದು ಅವನ ಮೊಪೆಡ್ಡು. ಅದನ್ನು ಹಸುವಿನಂತೆ ಬೇವಿನ ಮರಕ್ಕೆ ಹಗ್ಗದಲ್ಲಿ ಕಟ್ಟಿಹಾಕಿದಳು! "ಇಲ್ಲೇ ಬಿದ್ದಿರು, ಬುದ್ಧಿ ಬತ್ತದೆ" ಎಂದಳು. ಟೀ ಹೊತ್ತಿಗೆ ಮಾತ್ರ ಮೆಲ್ಲಗೆ ಅವನ ಪಕ್ಕ ಕೂತು, "ಮನ್ಯಾಗೆ ಏನಾರ ತೊಂದ್ರೆ ಐತೇನಪ್ಪ?" ಎಂದು ಕೇಳಿದಳು. ಮಗಳ ಸ್ಕೂಲಿನ ಆಟೋ ನಿಂತುಹೋಗಿತ್ತಂತೆ, ಅವನೇ ಬಿಟ್ಟುಬರಬೇಕಂತೆ. ಮಾರನೆಯ ದಿನದಿಂದ ಅವನ ಕೆಲಸದ ಹೊತ್ತು ಬದಲಾಯಿತು, ಮೊಪೆಡ್ಡು ಬಿಡುಗಡೆಯಾಯಿತು.

ಹೀಗಾಗಿ ನಮ್ಮ ಶೆಡ್ಡಿನಲ್ಲಿ ತಪ್ಪು ಮುಚ್ಚಿಡುವವರೇ ಇಲ್ಲ. ನೂಲು ಸುತ್ತುವ ನಾಗಮಣಿಯಂತೂ, "ಅಕ್ಕಾ, ನಾ ರಾಟಂ ತಪ್ಪು ಚೇಸಿಂದಿ, ವಚ್ಚಿ ತಿಟ್ಟು!" ಎಂದು ಕೂಗುತ್ತಾಳೆ. ನನ್ನ ರಾಟೆ ತಪ್ಪು ಮಾಡಿದೆ, ಬಂದು ಬೈಯಿ ಎಂದು ಆಹ್ವಾನ! ಇಂಥ ಕೆಲಸದ ಜಾಗ ಎಲ್ಲಾದರೂ ಉಂಟೇ?

ನಮ್ಮ ಸೀರೆಗಳಲ್ಲಿ ಹೆಚ್ಚಿನವು ಹೋಗುವುದು ಕಲ್ಯಾಣದುರ್ಗದ ಒಬ್ಬ ಸಾವ್ಕಾರನ ಅಂಗಡಿಗೆ. ಒಮ್ಮೆ ಆತ ಶೆಡ್ಡಿಗೆ ಬಂದು, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಕೆಲಸ ನಿಧಾನವೆಂದು ನಾಗಮಣಿಯನ್ನು ಬಾಯಿಗೆ ಬಂದಂತೆ ಅಂದುಬಿಟ್ಟ. ಅವಳು ಕಣ್ಣೊರೆಸಿಕೊಂಡಳು. ಅತ್ತೆ ನೆಟ್ಟಗೆ ಅವನ ಮುಂದೆ ಬಂದು ನಿಂತಳು. ಇವತ್ತು ವ್ರತ ಮುರಿಯಿತು ಎಂದುಕೊಂಡೆ. ಇಲ್ಲ!

"ಏಯ್ ಕುರ್ಚಿ! ಯಾರ್ನ ಕುಂಡ್ರಿಸ್ಕಾಬೇಕು, ಯಾರ್ನ ಕುಂಡ್ರಿಸ್ಕಾಬಾರ್ದು ಅಂಬೋ ಗ್ಯಾನ ಇಲ್ವಾ ನಿಂಗೆ?"

ಸಾವ್ಕಾರ ಧಡಕ್ಕನೆ ಎದ್ದ. ಹಿಂದೂಪುರದ ಸಂತೆಯ ಹುಣಸೇಹಣ್ಣೆಲ್ಲ ಅವನ ಮುಖದಲ್ಲಿತ್ತು. "ನನ್ ಮಗಳ ಮುಹೂರ್ತದ ಸೀರೆ ನೇಯಾಕೆ ನಿಂಗೇ ಕೊಟ್ಟಿದ್ದೀನಿ. ಅದ್ರಾಗೆ ಒಂದು ತಪ್ಪಾಗ್ಲಿ, ಆಮ್ಯಾಕೆ ಈ ಕಡೆ ತಲೆ ಹಾಕಿ ಮಲಗಲ್ಲ" ಎಂದು ಹೊರಟುಹೋದ. ಅವನು ಕೈಬಿಟ್ಟರೆ ಅರ್ಧ ಮಗ್ಗ ನಿಲ್ಲಿಸಬೇಕು, ಅರ್ಧ ಜನ ಮನೆಗೆ ಹೋಗಬೇಕು. ಎಲ್ಲರಿಗೂ ಗೊತ್ತಿತ್ತು.

ಮುಹೂರ್ತದ ಸೀರೆ ಕುಂಕುಮದ ಕೆಂಪಾಗಬೇಕಿತ್ತು. ಅಡ್ಡಕ್ಕೆ ನೇಯುವ ಹೊಕ್ಕಿನ ನೂಲನ್ನು ಅತ್ತೆಯೇ ಆರಿಸಿ ಕೊಟ್ಟಳು. "ಅಕ್ಕಾ, ಯಾಕೋ ಕಪ್ಪು ಹೊಡೀತೈತೆ" ಎಂದಳು ನಾಗಮಣಿ. "ನೀ ಸುತ್ತು ಕಣಮ್ಮ, ನಂಗೊತ್ತು" ಎಂದಳು ಅತ್ತೆ. ನೇಯ್ದು ಮುಗಿದ ಸೀರೆಯನ್ನು ನಾನು ಅಂಗಳದ ಬೆಳಕಿಗೆ ಹರಡಿದೆ. ಅಯ್ಯೋ ದೇವರೇ, ಕುಂಕುಮವೂ ಅಲ್ಲ, ಕೆಂಪೂ ಅಲ್ಲ, ಮೆರೂನು! ಸಾವ್ಕಾರ ಬರಲು ಇನ್ನೆರಡೇ ದಿನವಿತ್ತು.

ಅತ್ತೆ ಸೀರೆಯನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಮಗ್ಗಕ್ಕೆ ಬೈಯಲಿಲ್ಲ. ನೂಲಿಗೂ ಬೈಯಲಿಲ್ಲ. ಹಾಗೇ ಕೆಳಗೆ ಕೂತಳು.

"ನಂದೇ ಕಣ್ರಪ್ಪ ತಪ್ಪು. ನಾಗಮಣಿ ಹೇಳಿದ್ಲು, ನಾನೇ ಕೇಳಲಿಲ್ಲ. ನಿಮ್ಮೆಲ್ಲರ ಅನ್ನಕ್ಕೆ ಕಲ್ಲು ಹಾಕ್ಬುಟ್ಟೆ."

ಮಗ್ಗಗಳು ಒಂದೊಂದಾಗಿ ನಿಂತವು. ಅತ್ತೆ ಬೈಯದ ಶೆಡ್ಡನ್ನು ನಾನು ಕಂಡಿರಲೇ ಇಲ್ಲ. ಆಗ ಓಬಳೇಶಣ್ಣ ಎದ್ದು ಬಂದ. ಅತ್ತೆಯ ಮೂಗಿನ ಮೇಲಿನ ಕನ್ನಡಕವನ್ನು ಮೆಲ್ಲಗೆ ತೆಗೆದು, ತನ್ನ ಮುಖದೆದುರು ಹಿಡಿದು ಗದರಿದ.

"ಏನ್ಲಾ ಕನ್ನಡ್ಕ! ನಮ್ಮಕ್ಕನ ಮೂಗಿನ ಮ್ಯಾಲೆ ಸವಾರಿ ಮಾಡ್ತೀಯಾ, ಕೆಂಪು ಯಾವ್ದು ಮೆರೂನು ಯಾವ್ದು ತಿಳಿಯಲ್ವಾ?"

"ಸಿಗ್ಗು ಲೇದಾ ನೀಕು?" ಎಂದಳು ನಾಗಮಣಿ. ನಾಚಿಕೆ ಇಲ್ವಾ ಎಂದು ನಾನೂ ದನಿಗೂಡಿಸಿದೆ. ಕನ್ನಡಕ ಬೇವಿನ ಮರದ ಪಕ್ಕದ ಕಲ್ಲಿಗೆ ಹೋಯಿತು, ಬಿಸಿಲಿಗೆ!

ಆಮೇಲೆ ಶುರುವಾಯಿತು ನೋಡಿ ಕೆಲಸ. ದೇವರ ಗೂಡಿನ ಕುಂಕುಮವನ್ನೇ ಅಂಗೈಯಲ್ಲಿಟ್ಟುಕೊಂಡು ನಾನೂ ನಾಗಮಣಿಯೂ ನೂಲು ಹೊಂದಿಸಿದೆವು. ಮಗ್ಗದ ಮೇಲೆ ಉದ್ದಕ್ಕೆ ಎಳೆದ ಹಾಸಿನ ನೂಲು ಇನ್ನೂ ಉಳಿದಿತ್ತು. ಊಟಕ್ಕೆ ಒಬ್ಬರೆದ್ದರೆ ಇನ್ನೊಬ್ಬರು ನಿಂತು ನೇಯ್ದರು. ಸಾವ್ಕಾರ ಬಂದವನು ಸೀರೆಯನ್ನು ತಿರುಗಿಸಿ ಮುರುಗಿಸಿ ನೋಡಿ, ತಪ್ಪು ಸಿಗದೆ, ನಾಗಮಣಿಯತ್ತ ತಿರುಗಿ, "ಚೆನ್ನಾಗೈತೆ ಕಣಮ್ಮ" ಎಂದ. ಕೂರುವ ಮುಂಚೆ ಕುರ್ಚಿಯನ್ನೊಮ್ಮೆ ಅನುಮಾನದಿಂದ ನೋಡಿದ!

ಅದು ಆಮೇಲಿನ ಮಾತು. ಕನ್ನಡಕ ಬಿಸಿಲಿಗೆ ಹೋದ ಆ ಮಧ್ಯಾಹ್ನ ಮಗ್ಗದ ಸದ್ದು ಮತ್ತೆ ಕೇಳಿದಾಗ, ಕನ್ನಡಕವಿಲ್ಲದ ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಬೇವಿನ ಮರದ ಕಡೆ ಮುಖ ಮಾಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸಾಕು ಬಿಡ್ರಪ್ಪ, ಒಳಕ್ಕೆ ತಂದ್ಬುಡ್ರಿ. ಪಾಪ, ಅದಕ್ಕೂ ವಯಸ್ಸಾಯ್ತು."

ಓಬಳೇಶಣ್ಣ ಕನ್ನಡಕವನ್ನು ಟವಲಿನಲ್ಲಿ ಒರೆಸಿ, ತಾನೇ ಅವಳ ಮೂಗಿನ ಮೇಲೆ ಕೂರಿಸಿದ.

"ವಯಸ್ಸಾದ್ರೇನಕ್ಕ," ಎಂದ, "ನಮ್ದೇ ಅಲ್ವಾ?"