ಓ ಅನ್ನುವವರಿಲ್ಲದ ಹೆಸರು

ನಮ್ಮ ಮನೆತನದ ಹೆಣ್ಣುಮಕ್ಕಳಿಗೆಲ್ಲ ಹೆಸರಿಟ್ಟವಳು ನಮ್ಮ ಅತ್ತೆ ಎಂದರೆ ಅದು ಅರ್ಧ ಮಾತ್ರ ನಿಜ. ಅತ್ತೆ ಹೆಸರು ಕಳಿಸುತ್ತಿದ್ದಳು, ಮಂಜೂರು ಮಾಡುತ್ತಿದ್ದದ್ದು ಗುಂಜಿಯ ಅಡವಿ! ನಗಬೇಡಿ. ಮೊದಮೊದಲು ನಾನೂ ನಗುತ್ತಿದ್ದೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ನಮ್ಮ ಕಡೆ ಎಲ್ಲರಿಗೂ ಮೂರು ತುಂಡು ಹೆಸರು: ತನ್ನದು, ಅಪ್ಪನದು, ಅಡ್ಡಹೆಸರು. ನಮ್ಮ ಮನೆಯ ಹುಡುಗಿಯರಿಗೆ ಮಾತ್ರ ನಾಲ್ಕು. ತೊಟ್ಟಿಲ ಹೆಸರಿಗೂ ಅಪ್ಪನ ಹೆಸರಿಗೂ ನಡುವೆ ಅತ್ತೆ ಇನ್ನೊಂದನ್ನು ತುರುಕುತ್ತಿದ್ದಳು. ಯಾಕೆಂದು ಕೇಳಿದರೆ ಉತ್ತರ ತಯಾರಿತ್ತು.

"ಅಪ್ಪನ ಹೆಸರು ಸರಕಾರಕ್ಕ, ಅಡ್ಡಹೆಸರು ಊರಿಗೆ. ನಡುವಿಂದು ಮನಿಗೆ. ಸಂಜೀಮುಂದ ಹೊರಗಿಂದ ಯಾರರ ಕರದ್ರ, ನಡುವಿನ ಹೆಸರು ಹಿಡದು ಕರದಾರೇನು ನೋಡ್ರಿ. ಇಲ್ಲಂದ್ರ ಓ ಅನಬ್ಯಾಡ್ರಿ. ಯಾರು ಕರದಾರೋ, ಏನು ಕರದೈತೋ!"

'ಯಾರು' ಎಂಬಲ್ಲಿ ನಮಗೆ ಭಯವಿರಲಿಲ್ಲ. ಆ 'ಏನು' ಬಂದಾಗ ಮಾತ್ರ ಮಕ್ಕಳೆಲ್ಲ ಒಬ್ಬರಿಗೊಬ್ಬರು ಅಂಟಿಕೊಂಡು ಕೂರುತ್ತಿದ್ದೆವು.

ಈ ಉಪದೇಶವನ್ನು ಶಿರಸಾವಹಿಸಿ ಪಾಲಿಸಿದವಳು ನನ್ನ ತಂಗಿ. ಬೆಳಗಾವಿಯಲ್ಲಿ ಅವಳನ್ನು ಸಾಲೆಗೆ ಹಾಕಿದ ಮೊದಲ ವಾರವಿಡೀ ಮಾಸ್ತರರು ನಡುವಿನ ಹೆಸರು ಬಿಟ್ಟು ಹಾಜರಿ ಕೂಗಿದರು, ಅವಳು ಕಲ್ಲಿನಂತೆ ಕೂತಳು. ಎದುರಿಗೇ ಕೂತ ಹುಡುಗಿ ಆರು ದಿನ ಗೈರುಹಾಜರಿ! ಅಪ್ಪನನ್ನು ಕರೆಸಿದರು. "ಯಾಕವ್ವಾ, ಹಾಜರಿ ಯಾಕ ಹೇಳಲಿಲ್ಲ?" ಎಂದು ಅಪ್ಪ ಗದರಿದರೆ ಅವಳು ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿ ಅಪ್ಪನ ಕಿವಿಯಲ್ಲಿ, "ಇವರು ಖರೇನ ಮನುಷ್ಯಾರು ಅನ್ನೂದು ನಂಗ ಹೆಂಗ ಗೊತ್ತಾಗಬೇಕು?" ಎಂದಳಂತೆ.

ಸರಿ, ನಡುವಿನ ಹೆಸರನ್ನು ಆರಿಸುವುದು ಹೇಗೆ? ಅದಕ್ಕೊಂದು ಪರೀಕ್ಷೆಯಿತ್ತು. ಖಾನಾಪುರ ತಾಲೂಕಿನ ಗುಂಜಿಯಲ್ಲಿ ಅತ್ತೆಯದು ಊರ ಕೊನೆಯ ಮನೆ. ಹಿತ್ತಲು ಮುಗಿದಲ್ಲಿ ಅಡವಿ ಶುರು. ದೀಪ ಹಚ್ಚುವ ಹೊತ್ತಿಗೆ ಅವಳು ಹಿತ್ತಲ ಬಾಗಿಲಲ್ಲಿ ನಿಂತು, ಗಿಡಗಳ ಕಡೆ ಮುಖ ಮಾಡಿ, ಕೂಸಿನ ತಂದೆತಾಯಿ ಬರೆದುಕೊಟ್ಟ ಪಟ್ಟಿಯ ಒಂದೊಂದು ಹೆಸರನ್ನು ಮೂರು ಸಲ ಕೂಗುತ್ತಿದ್ದಳು. ಯಾರಾದರೂ ಓ ಎಂದರೆ ಆ ಹೆಸರಿಗೆ ಆಗಲೇ ಒಡತಿ ಇದ್ದಾಳೆಂದು ಲೆಕ್ಕ. ಓ ಅನ್ನುವವರಿಲ್ಲದ ಹೆಸರೇ ಕೂಸಿಗೆ ಕ್ಷೇಮ.

ನನ್ನ ಅಣ್ಣನ ಮಗಳು ಹುಟ್ಟಿದಾಗ ಅತ್ತೆ "ಗಂಗವ್ವಾ" ಎಂದು ಎರಡು ಸಲ ಕೂಗಿದಳು. ಮೂರನೆಯ ಸಲಕ್ಕೆ ಬೇಲಿಯಾಚೆಯ ಕತ್ತಲೆಯಿಂದ "ಓ" ಎಂದು ಬಂತು! ಅತ್ತೆಯ ಗಂಡ, ನಮ್ಮ ಮಾವ, ಬೀಡಿಯನ್ನು ಧೋತರದ ಮೇಲೆ ಕೆಡವಿಕೊಂಡರು. ಬೇಲಿ ಅಲುಗಾಡಿತು. ಬೆಳ್ಳಗೆ ಏನೋ ಈಚೆ ಬಂತು. ನೋಡಿದರೆ ಮೂರು ಮನೆಯಾಚೆಯ ಗಂಗವ್ವ, ಕೈಯಲ್ಲೊಂದು ವಾಟಿ!

"ಹೆಪ್ಪಿಗೆ ಚೂರು ಮಸರು ಕೇಳಾಕ ಬಂದಿದ್ನಿ. ನಾ ಬರೂದು ನಿಮಗ ಹೆಂಗ ತಿಳೀತ್ರಿ ಅಕ್ಕಾರ?"

ಅತ್ತೆ ಮೊಸರು ಕೊಟ್ಟಳು, ಆ ಹೆಸರನ್ನು ಮಾತ್ರ ಪಟ್ಟಿಯಿಂದ ಹೊಡೆದುಹಾಕಿದಳು. ನಿಯಮ ಎಂದರೆ ನಿಯಮ.

ಆದರೆ ಪ್ರತಿ ಸಲವೂ ಬೇಲಿಯಾಚೆ ಗಂಗವ್ವ ಇರುತ್ತಿರಲಿಲ್ಲ. ಪಟ್ಟಿಯ ಹೆಸರುಗಳಿಗಿಂತ ಮೊದಲು ಅತ್ತೆ ಪಟ್ಟಿಯಲ್ಲಿಲ್ಲದ ಒಂದು ಹೆಸರು ಕರೆಯುತ್ತಿದ್ದಳು: "ತುಂಗಾ..." ಕೇಳಿದರೆ, "ಗಂಟಲಾ ಹಸನ ಮಾಡ್ಕೋತೀನಿ" ಎನ್ನುತ್ತಿದ್ದಳು. ಗಂಟಲಿಗೆ ಅಷ್ಟು ಹೊತ್ತು ಬೇಕೆ? ಬೇರೆ ಹೆಸರುಗಳಿಗೆ ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಕಾದರೆ, ಇದಕ್ಕೆ ಗಿಡಗಳು ಕಾಣದಾಗುವ ತನಕ. ಜೀರುಂಡೆಗಳು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಿದ್ದವು. ಹಿತ್ತಲಲ್ಲಿ ಮಲಗಿದ ನಾಯಿ ಎದ್ದು, ಬಾಲ ಮುದುರಿಕೊಂಡು ಒಳಗೆ ಹೋಗುತ್ತಿತ್ತು. ಆಮೇಲೆ ಅತ್ತೆ ತನ್ನಷ್ಟಕ್ಕೇ, "ಅದು ಬ್ಯಾಡ. ಅದಕ್ಕ ಒಡತಿ ಅದಾಳ" ಎನ್ನುತ್ತಿದ್ದಳು. ಓ ಎಂದದ್ದು ನಮಗ್ಯಾರಿಗೂ ಕೇಳಿಸಿದ್ದಿಲ್ಲ.

ಎಪ್ಪತ್ತರ ದಶಕದ ಕೊನೆಗೆ, ಒಬ್ಬ ಮಗನಾದ ಮೇಲೆ, ನನಗೂ ಮಗಳು ಹುಟ್ಟಿದಳು. ನಾನಾಗ ಬೆಳಗಾವಿಯ ಕೋಟೆ ಹತ್ತಿರದ ಒಂದು ಕಚೇರಿಯಲ್ಲಿ ಗುಮಾಸ್ತ. "ಅಡವೀನ ಕೇಳಿ ನನ್ನ ಮಗಳಿಗೆ ಹೆಸರಿಡೂದೇನ್ರಿ?" ಎಂದು ಹೆಂಡತಿ ಸಿಡುಕಿದಳು. ಸಿಡುಕುತ್ತಲೇ ಏಳು ಹೆಸರು ಬರೆದ ಚೀಟಿಯನ್ನು ನನ್ನ ಕಿಸೆಗೆ ಹಾಕಿದಳು. ರಜೆಯ ಅರ್ಜಿಯಲ್ಲಿ ಸತ್ಯವನ್ನೇ ಬರೆಯೋಣವೆಂದು 'ಹೆಸರಿನ ಪರೀಕ್ಷೆಗಾಗಿ' ಎಂದು ಬರೆದೆ. ಸಾಹೇಬರು ಸಹಿ ಹಾಕಿ, "ಚಲೋ ಓದೀರಿಲ್ಲೋ?" ಎಂದರು!

ಪ್ಯಾಸೆಂಜರ್ ಗಾಡಿಯಿಂದ ಗುಂಜಿಯಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಅಂದು ಮೊದಲ ಬಾರಿಗೆ ಅತ್ತೆಯ ಪಕ್ಕದಲ್ಲೇ ನಿಂತೆ. "ತುಂಗಾ..." ಎಂದು ಕರೆದಳು. ಅವಳ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಗಂಟಲು ಹಸನ ಮಾಡಿಕೊಳ್ಳುವವರ ಮುಖ ಹಾಗಿರುವುದಿಲ್ಲ. ಮೂರನೆಯ ಕರೆಗೆ ಜೀರುಂಡೆಗಳು ನಿಂತವು. ನಾಯಿ ನನ್ನ ಕಾಲು ಸವರಿಕೊಂಡು ಒಳಗೆ ಓಡಿತು. ಗಿಡಗಳ ಒಳಗೆ ದೂರದಲ್ಲಿ ಏನೋ ಸಣ್ಣಗೆ ದನಿಯಾಯಿತು. ಹಕ್ಕಿಯೋ, ಗಾಡಿಯ ಸೀಟಿಯೋ, ಇವತ್ತಿಗೂ ಹೇಳಲಾರೆ. ಹೆದರಿ ಚೀಟಿಯನ್ನು ಅವಳ ಕೈಗೆ ತುರುಕಿ ಒಳಗೆ ಬಂದುಬಿಟ್ಟೆ.

ಪಡಸಾಲೆಯಲ್ಲಿ ಮಾವ ಕಂದೀಲಿನ ಗಾಜು ಒರೆಸುತ್ತಿದ್ದರು. "ಯಾರ್ರೀ ಮಾವಾ ಈ ತುಂಗಾ?" ಎಂದೆ.

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. "ನಮ್ಮ ಮಗಳು. ನೀ ಹುಟ್ಟೂಕಿಂತ ಮೊದಲಿನ ಮಾತು. ನಾಕು ವರ್ಷದಾಕಿ. ಇಂಥಾ ಹೊತ್ತಿನ್ಯಾಗ ಹಿತ್ತಲದಾಗ ಆಡಾಕತ್ತಿದ್ಲು. ಗಿಡದಾಗಿಂದ ಯಾರೋ ತನ್ನ ಹೆಸರು ಕರದ್ರು ಅಂತ ಅವ್ವಗ ಹೇಳಿ, ಓ ಅನಕೋತ ಓಡಿದ್ಲು. ಊರ ಮಂದಿ ಎಲ್ಲಾ ಹುಡಿಕಿದ್ವಿ. ಒಂದು ಕಾಲಗೆಜ್ಜಿ ಸೈತ ಸಿಗಲಿಲ್ಲ."

ನಾನು ಹಿತ್ತಲ ಬಾಗಿಲ ಕಡೆ ನೋಡಿದೆ. ಅತ್ತೆ ಚೀಟಿಯ ಮೊದಲ ಹೆಸರು ಕೂಗುತ್ತಿದ್ದಳು.

"ಕಳದವರ ಹೆಸರು ಕರೀಬಾರದು, ಕರದ್ರ ಬ್ಯಾರೆ ಏನರ ಬರತೈತಿ ಅಂತ ನಮ್ಮವ್ವ ನನ್ನ ತಲಿ ಮ್ಯಾಲ ಕೈ ಇಡಿಸಿ ಈಕಿ ಕಡಿಂದ ಆಣಿ ಮಾಡಿಸಿದ್ಲು. ಅವ್ವ ಹೋದ್ಲು, ಆಣಿ ಉಳೀತು. ಮಗಳ ಹೆಸರು ಬಾಯಿತುಂಬ ಕರಿಯಾಕ ಈಕಿಗೆ ಇದೊಂದ ನೆಪ." ಮಾವ ಗಾಜನ್ನು ಕಂದೀಲಿಗೆ ಕೂರಿಸಿದರು. "ಎಲ್ಲಾರೂ ಎರಡು ಮಕ್ಕಳಿಗೆ ಸಾಕು ಮಾಡೀರಿ. ಮನಿತನಕ್ಕ ಕಡೀ ಕೂಸು ಅಂದ್ರ ನಿನ್ನ ಮಗಳು. ಇನ್ನ ಯಾರ ಹೆಸರಿನ ನೆಪ ಮಾಡ್ಕೊಂಡು ಹೊರಗ ನಿಂದರತಾಳು ಈಕಿ?"

ಅಷ್ಟರಲ್ಲಿ ಅತ್ತೆ ಒಳಗೆ ಬಂದಳು. "ಏಳೂ ಖಾಲಿ ಅದಾವು. ಯಾರೂ ಓ ಅನಲಿಲ್ಲ. ಯಾವುದರ ಒಂದು ಆರಸು. ನನ್ನ ಕೆಲಸ ಮುಗೀತು" ಎಂದು ಚೀಟಿ ಚಾಚಿದಳು. ಆ ಕೊನೆಯ ಮಾತು ಹೇಳುವಾಗ ನಕ್ಕಳು. ಅಂಥ ನಗುವನ್ನು ನೋಡುವುದಕ್ಕಿಂತ ಅಳುವುದನ್ನು ನೋಡುವುದು ಸುಲಭ.

ನಾನು ಚೀಟಿಯನ್ನು ಕಂದೀಲಿನ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದೆ. "ಏಳೂ ಚಲೋ ಇಲ್ಲ ಅತ್ತಿ. ನನ್ನ ಮನಸಿಗೆ ಒಂದೂ ಬರವಲ್ಲದು. ಬ್ಯಾರೆ ಬರಕೊಂಡು ಬರತೇನಿ. ಮತ್ತ ಕರದು ನೋಡು."

ಹದಿಮೂರನೆಯ ದಿನ ತಂಗಿ ಕೂಸಿನ ಕಿವಿಯಲ್ಲಿ ತೊಟ್ಟಿಲ ಹೆಸರನ್ನಷ್ಟೇ ಹೇಳಿದಳು. ರಾತ್ರಿ ಹೆಂಡತಿಗೆ ಎಲ್ಲ ತಿಳಿಸಿದೆ. ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಎದ್ದು, ಪೆನ್ಸಿಲ್ ಹುಡುಕಿ, ಹೊಸ ಚೀಟಿ ಬರೆಯತೊಡಗಿದಳು.

ಈಗ ನಮ್ಮ ಮಗಳಿಗೆ ಎಂಟು ವರ್ಷ. ನಡುವಿನ ಹೆಸರು ಇನ್ನೂ ನಿಶ್ಚಯವಾಗಿಲ್ಲ! ದೀಪಾವಳಿಗೆ ಒಂದು ಚೀಟಿ, ಬೇಸಿಗೆ ಸೂಟಿಗೆ ಇನ್ನೊಂದು ಚೀಟಿ ಹಿಡಿದು ಗುಂಜಿಗೆ ಹೋಗುತ್ತೇವೆ. ಯಾವುದಕ್ಕೂ ಒಪ್ಪದ ಇಂಥ ಚಿಕಿತ್ಸಕ ಅಪ್ಪ ಈ ಜಿಲ್ಲೆಯಲ್ಲೇ ಇಲ್ಲವೆಂದು ಅತ್ತೆ ಬೈಯುತ್ತಾಳೆ. ಬೈದು, ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ಹೋಗುತ್ತಾಳೆ. ಮಗಳಿಗೆ ಅವಳು ಅಜ್ಜಿ, ಆಯಿ ಎಂದು ಕರೆಯುತ್ತಾಳೆ, ಅವಳ ಬೆರಳು ಹಿಡಿದು ಪಕ್ಕದಲ್ಲೇ ನಿಲ್ಲುತ್ತಾಳೆ. ಈ ಸಲ ಅತ್ತೆಯ ದನಿ ತೀರ ಸಣ್ಣದಾಗಿತ್ತು. "ತುಂಗಾ..." ಎಂದು ಮೂರು ಸಲ ಕರೆದಳು, ಕಾದಳು, ಇನ್ನೇನು ತಿರುಗಬೇಕು, ಮಗಳು ಬೆರಳು ಬಿಡಲಿಲ್ಲ.

"ಆಯಿ, ಇನ್ನೊಮ್ಮಿ ಕರಿ. ಆಕಿ ಭಾಳ ದೂರ ಹೋಗ್ಯಾಳು."