ಹಳದಿ ಕಾರನ್ನು ದಿನಬಳಕೆಗೆ ಇಟ್ಟುಕೊಳ್ಳುವ ಬಗ್ಗೆ

(ಇಲ್ಲಿಂದ ಗೆರೆಯವರೆಗಿನ ಭಾಗ ಹೊರಗೆ ಹೋಗತಕ್ಕದ್ದಲ್ಲ. ಫ್ರಿಜ್ಜಿನ ಮೇಲೆ ಅಂಟಿಸುವ ಮುನ್ನ ಕತ್ತರಿಸುವುದು.)

ನನಗೊಂದು ಸಣ್ಣ ಚಿಂತೆ. ನಾಳೆ ಚರ್ಚಿನ ಮುಂದೆ ಊರಿನ ಕಾರುಗಳೆಲ್ಲ ಸಾಲಾಗಿ ನಿಂತಿರುತ್ತವೆ. ಪಾದ್ರಿಗಳು ತೀರ್ಥ ಚಿಮುಕಿಸುತ್ತ ಬರುತ್ತಾರೆ. ಆಮೇಲೆ ಒಂದೊಂದಾಗಿ ಸ್ಟಾರ್ಟ್ ಮಾಡಿ ಹೊರಡಬೇಕು. ಆ ಹಳದಿ ಕಾರು ಸ್ಟಾರ್ಟ್ ಆದರೆ ಇಡೀ ಗೋದೋವಿಚ್ ಊರೇ ತಿರುಗಿ ನೋಡುತ್ತದೆ. ಕಾರನ್ನಲ್ಲ, ಒಳಗೆ ಕೂತವಳನ್ನು. ಹುಟ್ಟಿದಾಗಿನಿಂದ ನಾನು ಮಾಡಿರುವ ಒಟ್ಟು ಸದ್ದಿಗಿಂತ ಅದರ ಒಂದು ಕೆಮ್ಮು ಜಾಸ್ತಿ. ಹಾಗಿದ್ದೂ ಬೇಡ ಎನ್ನಲು ಮನಸ್ಸು ಬರುತ್ತಿಲ್ಲ. ಬೇಕು ಎನ್ನಲು ಬಾಯಿ ಬರುತ್ತಿಲ್ಲ. ಆದ್ದರಿಂದ ಸುತ್ತೋಲೆ.

———

ಇಲಾಖೆಯ ಕಾರ್ಯಾಲಯ
(ಇಲಾಖೆಗೆ ಹೆಸರಿಡುವ ವಿಷಯ ಪರಿಶೀಲನೆಯಲ್ಲಿದೆ)
ಅಡುಗೆಮನೆ ಮೇಜು, ಕಿಟಕಿಯ ಬದಿ, ಗೋದೋವಿಚ್

ಸಂಖ್ಯೆ: ಇ/ಹಳದಿ/ದಿನಬಳಕೆ/ಪ್ರಥಮ ಮತ್ತು ಬಹುಶಃ ಕೊನೆಯದು
ದಿನಾಂಕ: ಪ್ರಯಾಣಿಕರನ್ನು ಕಾಯುವ ಸಂತ ಕ್ರಿಸ್ತೋಫರನ ಭಾನುವಾರದ (ವಾಹನಗಳ ಆಶೀರ್ವಾದದ ದಿನದ) ಹಿಂದಿನ ದಿನ

ಸುತ್ತೋಲೆ

ವಿಷಯ: ವೇಗದ, ಚಿಕ್ಕ, ಹಳದಿ ಬಣ್ಣದ ಹ್ಯಾಚ್‌ಬ್ಯಾಕ್ ಕಾರೊಂದನ್ನು ಬ್ರೆಡ್ಡು, ಆಫೀಸು, ಪೂಜೆ ಹಾಗೂ ಹಲ್ಲಿನ ಡಾಕ್ಟರು ಇತ್ಯಾದಿ ನಿತ್ಯದ ಕೆಲಸಗಳಿಗೆ ಆರಿಸಿಕೊಳ್ಳುವ ಕುರಿತು ಮಾರ್ಗಸೂಚಿ.

ಉಲ್ಲೇಖ:
1. ಮಿಲ್ಕಾ ಅತ್ತೆಯವರ (ತಂದೆಯವರ ಅಕ್ಕ) ಮೌಖಿಕ ಆದೇಶ, ಬೂದು ಕಾರೇ ಸಾಕೆಂದು ಸೂಪು ಬಡಿಸುವಾಗ ಹೊರಡಿಸಿದ್ದು.
2. ತಂದೆ ಸಿಲ್ವೋ ಅವರ ಮೌನ, ಅದೇ ಊಟದಲ್ಲಿ.
3. ಅಜ್ಜಿಯವರ ಕೆಮ್ಮು (ಪರವೋ ವಿರೋಧವೋ ತಿಳಿದುಬಂದಿಲ್ಲ).

ಪ್ರಸ್ತಾವನೆ:

ಮೇಲೆ ಉಲ್ಲೇಖಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಈ ಮನೆಯ ಹಳೆಯ ಕಾರು ಕಳೆದ ಶರತ್ಕಾಲದಲ್ಲಿ ಗೇರ್‌ಬಾಕ್ಸ್ ಒಡೆದು ನಿಧನ ಹೊಂದಿರುತ್ತದೆ. ಆ ವರ್ಷ ವಾಹನಗಳ ಆಶೀರ್ವಾದದ ಭಾನುವಾರದಂದು ತಂದೆಯವರು ಅದೇ ಕಾರಿನಲ್ಲಿ ಜೇನುಪೆಟ್ಟಿಗೆಗಳನ್ನು ಚೆಸ್ಟ್‌ನಟ್ ಕಾಡಿಗೆ ಸಾಗಿಸುತ್ತಿದ್ದರು. ತೀರ್ಥ ಬೀಳಬೇಕಾದ ಕಾರಿನ ಮೇಲೆ ಜೇನು ಬಿದ್ದದ್ದೇ ಸಾವಿಗೆ ಕಾರಣವೆಂದು ಅಜ್ಜಿಯವರು ತೀರ್ಪು ನೀಡಿರುತ್ತಾರೆ. ತೀರ್ಪಿನ ಮೇಲೆ ಮೇಲ್ಮನವಿ ಇರುವುದಿಲ್ಲ.

ಈ ಮನೆಯ ಕಟ್ಟಳೆಯಂತೆ, ತೀರ್ಥ ಬಿದ್ದ ಕಾರನ್ನು ಮುಂದಿನ ಆಶೀರ್ವಾದದವರೆಗೆ ಮಾರುವಂತಿಲ್ಲ, ಬದಲಿಸುವಂತಿಲ್ಲ, ಬಯ್ಯುವಂತಿಲ್ಲ. ಎಂದರೆ, ನಾಳೆ ಯಾವ ಕಾರು ಚರ್ಚಿನ ಮುಂದೆ ನಿಲ್ಲುತ್ತದೋ ಅದೇ ದಿನಬಳಕೆಯ ಕಾರು. ಪರಿಗಣನೆಯಲ್ಲಿರುವ ಕಾರುಗಳು ಎರಡು:

(ಅ) ಬೂದು ಕಾರು. ಎತ್ತರದ್ದು. ಮಿಲ್ಕಾ ಅತ್ತೆಯವರ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರದು. ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಹೊರಗಿನದೇನೂ ಕೇಳುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿನದೂ ಕೇಳುವುದಿಲ್ಲ. "ಇದ್ರಲ್ಲಿ ಕೂತ್ರೆ ನಂಗೆ ಇನ್ನೊಂದು ಪಿಂಚಣಿ ಬಂದಂಗಾಯ್ತು" ಎಂದು ಅಜ್ಜಿಯವರು ಹೇಳಿದ್ದನ್ನು ಅತ್ತೆಯವರು ಮೆಚ್ಚುಗೆ ಎಂದು ದಾಖಲಿಸಿಕೊಂಡಿರುತ್ತಾರೆ.

(ಆ) ಹಳದಿ ಕಾರು. ತಗ್ಗಿನದು. ಆಯ್ದೋವ್‌ಷ್ಚಿನಾ ಪಟ್ಟಣದ ಮೆಕ್ಯಾನಿಕ್ ಎರ್ವಿನ್ ಅವರದು. "ಭಾನುವಾರದ ತನಕ ಓಡ್ಸಿ ನೋಡಮ್ಮ. ಬೇಡ ಅಂದ್ರೆ ಸಂಜೆಗೆ ವಿಪಾವದ ಹುಡುಗ ಬಂದು ಎತ್ಕೊಂಡ್ ಹೋಗ್ತಾನೆ" ಎಂಬ ಷರತ್ತಿನ ಮೇಲೆ ಕೊಟ್ಟಿರುವುದು.

ತಂದೆಯವರು ಊರೊಳಗಿನ ಮರದ ಮಿಲ್ಲಿಗೆ ನಡೆದೇ ಹೋಗುವುದರಿಂದ, ಸದರಿ ಕಾರನ್ನು ದಿನವೂ ಓಡಿಸತಕ್ಕದ್ದು ಕೆಳಗೆ ಸಹಿ ಮಾಡಿರುವ ಇಲಾಖೆಯೇ. ಪಕ್ಕದ ಪಟ್ಟಣ ಇದ್ರಿಯಾದ ಹಳೆಯ ದಾಖಲೆಗಳ ಭಂಡಾರದಲ್ಲಿ ಇಲಾಖೆಗೆ ಹೊಸ ಕೆಲಸ. ಅಲ್ಲಿ ಯಾರೂ ಮಾತಾಡುವುದಿಲ್ಲ. ಇಲಾಖೆಗೆ ಅದು ಹಿತವಾಗಿದೆ.

ಆದ ಕಾರಣ ಈ ಕೆಳಕಂಡಂತೆ ಸೂಚನೆಗಳನ್ನು ಹೊರಡಿಸಲಾಗಿದೆ.

ಖಂಡ 1. ಸದ್ದು.
ಬೆಳಗ್ಗೆ ಕಾರನ್ನು ಸ್ಟಾರ್ಟ್ ಮಾಡುವ ಮುನ್ನ ಕೋಳಿಗಳಿಗೆ ಮುನ್ಸೂಚನೆ ನೀಡತಕ್ಕದ್ದು. ಮುನ್ಸೂಚನೆ ತಲುಪಿತೆಂಬುದಕ್ಕೆ ಕನಿಷ್ಠ ಒಂದು ಕೋಳಿ ಇಲಾಖೆಯ ಕಡೆಗೆ ನೋಡಿರಬೇಕು. ಸ್ಮಶಾನದ ಮುಂದೆ ಹಾಯುವಾಗ ಎರಡನೇ ಗೇರನ್ನು ಗೌರವಪೂರ್ವಕವಾಗಿ ಹಾಕುವುದು. ಮೃತರಿಂದ ಈವರೆಗೆ ಯಾವುದೇ ದೂರು ಬಂದಿಲ್ಲ. ಜೀವಂತರಿಂದ ಬಂದಿರುವ ಒಂದೇ ದೂರು ಅತ್ತೆಯವರದು: "ಏ ಕೂಸೇ, ಅದೇನು ಕಾರೋ, ಹೊಟ್ಟೆ ಕೆಟ್ಟಿರೋ ಕರಡಿಯೋ?"

ಖಂಡ 2. ಗುಂಡಿ.
ಗೇರಿನ ಪಕ್ಕದಲ್ಲಿ, ವೇಗದ ಓಟಕ್ಕೆಂದೇ ಒಂದು ಸಣ್ಣ ಗುಂಡಿ ಇರುತ್ತದೆ. ಒತ್ತಿದರೆ ಸ್ಟೀರಿಂಗು ಬಿಗಿಯಾಗಿ, ಕಾರು ಉಸಿರು ಎಳೆದುಕೊಳ್ಳುತ್ತದೆ. ಸದರಿ ಗುಂಡಿಯನ್ನು (ಅ) ಶಾಲೆಯ ಮುಂದೆ, (ಆ) ಅತ್ತೆಯವರ ಕಣ್ಣಳತೆಯಲ್ಲಿ, (ಇ) ಕಾರಣವಿಲ್ಲದೆ ಮನಸ್ಸು ಹಗುರವಾದಾಗ, ಒತ್ತತಕ್ಕದ್ದಲ್ಲ. ಒತ್ತಿದ ಪಕ್ಷದಲ್ಲಿ ಮುಖವನ್ನು ಹಲ್ಲಿನ ಡಾಕ್ಟರ ಬಳಿಗೆ ಹೋಗುತ್ತಿರುವಂತೆ ಇಟ್ಟುಕೊಳ್ಳತಕ್ಕದ್ದು. ಕನ್ನಡಿಯಲ್ಲಿ ನಗು ಕಂಡುಬಂದಲ್ಲಿ ಕನ್ನಡಿಯನ್ನು ಸರಿಪಡಿಸುವುದು.

ಖಂಡ 3. ಅತ್ತೆಯವರನ್ನು ಇಳಿಸುವ ವಿಧಾನ.
ಸೀಟು ನೆಲಕ್ಕೆ ತೀರ ಸಮೀಪವಿರುವುದನ್ನು ಇಲಾಖೆ ಒಪ್ಪಿಕೊಳ್ಳುತ್ತದೆ. ಅತ್ತೆಯವರು ಕೂತುಕೊಳ್ಳುವುದಕ್ಕೆ ಯಾರ ಸಹಾಯವೂ ಬೇಕಾಗುವುದಿಲ್ಲ, ಭೂಮಿಯೇ ಎಳೆದುಕೊಳ್ಳುತ್ತದೆ. ಇಳಿಯುವಾಗ ಮಾತ್ರ ಇಬ್ಬರು ಸಹಾಯಕರು, ಒಂದು ಗಟ್ಟಿ ಕೊಡೆ ಮತ್ತು ಸಂತ ಕ್ರಿಸ್ತೋಫರನ ಕೃಪೆ ಅಗತ್ಯ. ಮಂಗಳವಾರ ನಡೆದ ಪ್ರಯೋಗದಲ್ಲಿ ಅತ್ತೆಯವರು ಅರ್ಧ ಹೊರಬಂದು ಅಲ್ಲೇ ನಿಂತು, "ಸಿಲ್ವೋ, ಬಾರೋ! ನಿನ್ ಮಗಳು ನನ್ನನ್ನ ಕಾರಿಗೆ ಹೊಲಿದುಬಿಟ್ಟಿದ್ದಾಳೆ!" ಎಂದು ಹೇಳಿಕೆ ನೀಡಿರುತ್ತಾರೆ. ತಂದೆಯವರು ಬಂದು, ಎಳೆದು ಹೊರತೆಗೆದು, ಹಿಂದಿರುಗಿರುತ್ತಾರೆ. ಹಿಂದಿರುಗುವಾಗ ಅವರ ಭುಜ ಅಲುಗುತ್ತಿದ್ದುದಕ್ಕೆ ಇಲಾಖೆಯಿಂದ ಸ್ಪಷ್ಟೀಕರಣ ಕೇಳಿಲ್ಲ.

ಇನ್ನು ಮುಂದೆ ಇಳಿಯಲು ಇಷ್ಟವಿಲ್ಲದ ಪ್ರಯಾಣಿಕರಿಗೆ ಕಾಫಿಯನ್ನು ಕಾರಿಗೇ ತಂದುಕೊಡತಕ್ಕದ್ದು.

ಖಂಡ 4. ಜೇನುಹುಳುಗಳು.
ಹಿಂದಿನ ಸೀಟು ಮಡಚಿದರೆ ಡಿಕ್ಕಿಯಲ್ಲಿ ಒಂದು ಜೇನುಪೆಟ್ಟಿಗೆ ಹಿಡಿಸುತ್ತದೆ. ಎರಡು ಹಿಡಿಸುವುದಿಲ್ಲ. ಮುಂದಿನ ಸೀಟಿನಲ್ಲಿ ಎರಡನೆಯದನ್ನು ಕೂರಿಸಿ ಬೆಲ್ಟ್ ಹಾಕಬಹುದು. ಬೆಲ್ಟ್ ಹಾಕದಿದ್ದರೆ ಕಾರು ಕೂಗಿಕೊಳ್ಳುತ್ತದೆ; ಹುಳುಗಳಿಗೆ ಅದು ಹಿಡಿಸುವುದಿಲ್ಲ. ಕಾರಿನ ಬಣ್ಣವನ್ನು ಹೂವೆಂದು ತಿಳಿದು ಬಾನೆಟ್ಟಿನ ಮೇಲೆ ಕೂತ ಹುಳುಗಳಿಗೆ ತಪ್ಪು ತಿಳುವಳಿಕೆ ನೀಡಿದ್ದಕ್ಕಾಗಿ ಇಲಾಖೆ ವಿಷಾದಿಸುತ್ತದೆ. ಅವುಗಳ ಸಮಯ ವ್ಯರ್ಥವಾದುದಕ್ಕೆ ಪರಿಹಾರವಾಗಿ ಕಿಟಕಿಯ ಬಳಿ ಪುದೀನ ನೆಡಲಾಗುವುದು.

ಖಂಡ 5. ಪೋತಿತ್ಸಾ ಮಾನದಂಡ.
ತಿರುವುಗಳಲ್ಲಿ ವೇಗದ ಮಿತಿಯನ್ನು ಫಲಕಗಳ ಜೊತೆಗೆ, ಅಜ್ಜಿಯವರ ತೊಡೆಯ ಮೇಲಿರುವ ಪೋತಿತ್ಸಾದಿಂದಲೂ, ಅಂದರೆ ಆಕ್ರೋಟು ಹೂರಣ ತುಂಬಿ ಸುರುಳಿ ಸುತ್ತಿ ಬೇಯಿಸಿದ ಹಬ್ಬದ ಬ್ರೆಡ್ಡಿನಿಂದಲೂ, ನಿರ್ಧರಿಸತಕ್ಕದ್ದು. ಪೋತಿತ್ಸಾ ಜಾರಿದರೆ ವೇಗ ಹೆಚ್ಚಾಯಿತು. ಜಾರದಿದ್ದರೆ ಸರಿ. ಈ ಪರೀಕ್ಷೆಯನ್ನು ಗುರುವಾರ ನಡೆಸಲಾಗಿ, ಪೋತಿತ್ಸಾ ಸ್ಥಿರವಾಗಿದ್ದು, ಅಜ್ಜಿಯವರ ತಲೆವಸ್ತ್ರ ಮಾತ್ರ ಜಾರಿರುತ್ತದೆ. ಅವರು ಅದನ್ನು ಸರಿಮಾಡಿಕೊಳ್ಳದೆ, ಸುತ್ತಮುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, "ಪುಟ್ಟಾ, ಆ ತಿರುವು ಇನ್ನೊಂದ್ಸಲ ಹೊಡಿಯೇ" ಎಂದು ಆದೇಶಿಸಿರುತ್ತಾರೆ. ಆದೇಶವನ್ನು ಪಾಲಿಸಲಾಗಿದೆ. ಮನೆಗೆ ಬಂದ ಮೇಲೆ ಅವರು ಕೆಮ್ಮಿರುತ್ತಾರೆ, ಅಷ್ಟೇ. (ಉಲ್ಲೇಖ 3 ನೋಡಿ.)

ಖಂಡ 6. ಮನೆ ದಾಟಿ ಹೋಗುವುದು.
ಸಂಜೆ ಇದ್ರಿಯಾದಿಂದ ಹಿಂತಿರುಗುವಾಗ ಹಳದಿ ಕಾರು ಮನೆಯ ಮುಂದೆ ನಿಲ್ಲದೆ ಹಾದುಹೋದದ್ದನ್ನು ಅತ್ತೆಯವರು ಕಿಟಕಿಯಿಂದ ನೋಡಿ, "ಲೋ ಸಿಲ್ವೋ, ನಿನ್ ಮಗಳು ಮನೆ ಮರೆತುಬಿಟ್ಲು ಕಣೋ!" ಎಂದಿದ್ದಾರೆಂದು ತಿಳಿದುಬಂದಿದೆ. ಈ ಬಗ್ಗೆ ಸ್ಪಷ್ಟಪಡಿಸುವುದೇನೆಂದರೆ: ಮನೆಯತ್ತ ತಿರುವು ಸಿಗಲಿಲ್ಲ. ಮುಂದಿನ ತಿರುವೂ ಸಿಗಲಿಲ್ಲ. ಹೀಗೆ ಸಿಗದ ತಿರುವುಗಳನ್ನು ಒಂದೊಂದಾಗಿ ದಾಟುತ್ತ ತ್ಸೋಲ್ ಘಾಟಿಯ ತುದಿಯವರೆಗೆ ಹೋಗಬೇಕಾಗಿ ಬಂದಿದ್ದು, ಅಲ್ಲಿ ಕಾರು ನಿಲ್ಲಿಸಿ, ಕೆಳಗಿನ ವಿಪಾವ ಕಣಿವೆಯಲ್ಲಾದರೂ ತಿರುವು ಇದೆಯೇ ಎಂದು ಸ್ವಲ್ಪ ಹೊತ್ತು ನೋಡಿ, ಹಿಂದಿರುಗಲಾಗಿದೆ. ಇದೇ ರೀತಿ ಮರುದಿನವೂ ತಿರುವು ಸಿಕ್ಕಿರುವುದಿಲ್ಲ. ಅದರ ಮರುದಿನವೂ.

ಖಂಡ 7. (ಅತ್ತೆಯವರು ಹೆಗಲ ಮೇಲಿಂದ ಇಣುಕಿ ಓದಿದ ಕಾರಣ ಈ ಖಂಡವನ್ನು ಹೊಡೆದುಹಾಕಲಾಗಿದೆ.)

ಖಂಡ 8. ಅಪರಿಚಿತರ ಮೆಚ್ಚುಗೆ.
ಪೆಟ್ರೋಲ್ ಬಂಕಿನಲ್ಲಿ ಗಂಡಸರು ಕಾರನ್ನು ಸುತ್ತುವರಿದು ಹೆಬ್ಬೆರಳೆತ್ತುವ ಸಾಧ್ಯತೆ ಇರುತ್ತದೆ. ಅಂಥ ಸಂದರ್ಭದಲ್ಲಿ ಇಲಾಖೆಯು ಟಯರಿನ ಗಾಳಿಯನ್ನು ಗಂಭೀರವಾಗಿ ನೋಡತಕ್ಕದ್ದು. ನಾಲ್ಕೂ ಟಯರು ಮುಗಿದರೆ ಮತ್ತೆ ಮೊದಲನೆಯದರಿಂದ ಆರಂಭಿಸುವುದು. ಬುಧವಾರ ಒಬ್ಬರು, "ನಿಮ್ ಯಜಮಾನ್ರ ಕಾರಾ? ಭಲೇ ಗಾಡಿ ಕಣ್ರೀ!" ಎಂದು ಕೇಳಲಾಗಿ, ಇಲಾಖೆಯು ಹೌದೆಂದು ತಲೆಯಾಡಿಸಿರುತ್ತದೆ. ಇಲ್ಲದ ಯಜಮಾನರನ್ನು ಹೀಗೆ ತುರ್ತಾಗಿ ನೇಮಿಸಿದ್ದು ನಿಯಮಬಾಹಿರವಾದ್ದರಿಂದ ಸದರಿ ನೇಮಕಾತಿಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ಯಜಮಾನರು ತಮ್ಮ ವಸ್ತುಗಳನ್ನು ತೆಗೆದುಕೊಂಡು ಹೋಗಬಹುದು.

ಖಂಡ 9. ಸಮರ್ಥನೆ.
"ಯಾಕೆ ಅದೇ ಕಾರು?" ಎಂದು ಯಾರಾದರೂ ಕೇಳಿದಲ್ಲಿ ಈ ಕೆಳಗಿನ ಕಾರಣಗಳನ್ನು ಮಾತ್ರ ನೀಡತಕ್ಕದ್ದು: ಚಿಕ್ಕದು, ಆದ್ದರಿಂದ ಭಂಡಾರದ ಹಿಂದಿನ ಇಕ್ಕಟ್ಟಿನಲ್ಲಿ ನಿಲ್ಲುತ್ತದೆ. ಬ್ರೇಕು ಚುರುಕು, ಆದ್ದರಿಂದ ಜಿಂಕೆ ಅಡ್ಡ ಬಂದರೆ ಜಿಂಕೆಗೂ ಕ್ಷೇಮ. ತಗ್ಗಿನದು, ಆದ್ದರಿಂದ ಚಳಿಗಾಲದಲ್ಲಿ ಬೂರ್ಯಾ ಎಂಬ ಬಿರುಗಾಳಿ ಬೀಸಿದಾಗ ನೆಲ ಕಚ್ಚಿಕೊಂಡಿರುತ್ತದೆ. ಬೂದು ಕಾರಾದರೆ ಒಣಹಾಕಿದ ಬೆಡ್‌ಶೀಟಿನಂತೆ ಪಕ್ಕದೂರಿಗೆ ಹೋಗಿ ಬೀಳುತ್ತದೆ.

ಈ ಕಾರಣಗಳೆಲ್ಲ ನಿಜ. ಇವುಗಳಲ್ಲಿ ಯಾವುದೂ ಕಾರಣವಲ್ಲ ಎಂಬುದನ್ನು ಇಲಾಖೆಯು ಗಮನಿಸಿದೆ.

ಖಂಡ 10. ಒಂದು ಪದದ ಕೊರತೆ.
ಈ ಮನೆಯಲ್ಲಿ ಇಲಾಖೆಯು ಬಳಸುತ್ತ ಬಂದಿರುವ ಉತ್ತರಗಳು: "ಯಾವ್ದಾದ್ರೂ ಆಗತ್ತೆ", "ನಿಮ್ಗೆ ಹೆಂಗೆ ಅನುಕೂಲವೋ ಹಂಗೆ", "ಉಳಿದಿದ್ದು ಕೊಡಿ ಸಾಕು". ಮೊನ್ನೆ ಊಟದ ಹೊತ್ತಿನಲ್ಲಿ ಹಳದಿ ಕಾರು ಹೇಗಿದೆ ಎಂದು ತಂದೆಯವರು ಕೇಳಲಾಗಿ, "ಇದೆ" ಎಂದು ಉತ್ತರಿಸಲಾಗಿದೆ. "ನೋಡ್ದೇನೋ, ಅವಳ್ಗೇ ಮನಸ್ಸಿಲ್ಲ" ಎಂದು ಅತ್ತೆಯವರು ಕಡತವನ್ನು ಮುಕ್ತಾಯಗೊಳಿಸಿ, ನಾಳೆಗೆ ಬೂದು ಕಾರನ್ನು ತೊಳೆಸಿಟ್ಟಿರುತ್ತಾರೆ. "ಬೇಕು" ಎಂಬ ಪದ ಇಲಾಖೆಯ ದಾಸ್ತಾನಿನಲ್ಲಿ ಇಲ್ಲ. ಬೇಡಿಕೆ ಸಲ್ಲಿಸಬೇಕೆಂದರೆ ಆ ಪದದಿಂದಲೇ ಸಲ್ಲಿಸಬೇಕಾಗಿರುವುದರಿಂದ ವಿಷಯ ಅಲ್ಲೇ ನಿಂತಿದೆ.

ಖಂಡ 11. ಆಶೀರ್ವಾದದ ದಿನದ ಕ್ರಮ.
ಪ್ರತಿ ಮನೆಯಿಂದ ಒಂದೇ ಕಾರು. ವಾಡಿಕೆಯಂತೆ, ಕ್ಷೇಮವಾಗಿ ಓಡಿಸಿದ ಪ್ರತಿ ಕಿಲೋಮೀಟರಿಗೆ ಒಂದು ಸೆಂಟ್ ನಾಣ್ಯದಂತೆ ಲೆಕ್ಕ ಹಾಕಿ ಕಾಣಿಕೆ ಪೆಟ್ಟಿಗೆಗೆ ಹಾಕುವುದು. ದೂರದ ದೇಶಗಳಲ್ಲಿ ಗಾಡಿಯಿಲ್ಲದೆ ನಡೆಯುವ ಪಾದ್ರಿಗಳಿಗೆ ಅದರಿಂದ ಗಾಡಿ ಕೊಡಿಸುತ್ತಾರೆ. ಲೆಕ್ಕದಲ್ಲಿ ಸುಳ್ಳು ಹೇಳಿದರೆ ಗೇರ್‌ಬಾಕ್ಸಿಗೆ ತಿಳಿಯುತ್ತದೆಂದು ಅಜ್ಜಿಯವರ ನಂಬಿಕೆ. ಸಾಲಿನಲ್ಲಿ ನಿಲ್ಲದಿದ್ದರೂ, ಮನೆಯವರು ಓಡಿಸಿದ ಕಾರಿಗೆಲ್ಲ ಕಾಣಿಕೆ ಸಲ್ಲತಕ್ಕದ್ದು. ಕಿಲೋಮೀಟರನ್ನು ಓದುವ ಹೊಣೆ ಮೊದಲಿನಿಂದಲೂ ತಂದೆಯವರದೇ. (ಈ ಖಂಡವನ್ನು ಬರೆಯುವಾಗ ಖಂಡ 6 ನೆನಪಾಗಿ ಇಲಾಖೆಯು ಕಿಲೋಮೀಟರುಗಳನ್ನು ಬೆರಳಲ್ಲಿ ಎಣಿಸಿ, ಬೆರಳು ಸಾಲದೆ ನಿಲ್ಲಿಸಿತು.)

ಮೇಲ್ಕಂಡ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ತಪ್ಪಿದವರನ್ನು ಬೂದು ಕಾರಿನಲ್ಲಿ ಕೂರಿಸಲಾಗುವುದು.

ಸಹಿ/-
ತಿಂಕಾರ ಲಪಾಯ್ನೆ
ಮುಖ್ಯಸ್ಥೆ, ಉಪಮುಖ್ಯಸ್ಥೆ, ಗುಮಾಸ್ತೆ ಹಾಗೂ ಚಾಲಕಿ
(ಎಲ್ಲ ಹುದ್ದೆಗಳೂ ತಾತ್ಕಾಲಿಕ)

ಪ್ರತಿಗಳು:

1. ಮಿಲ್ಕಾ ಅತ್ತೆಯವರಿಗೆ, ಸೂಕ್ತ ಕೋಪಕ್ಕಾಗಿ.
2. ಅಜ್ಜಿಯವರಿಗೆ, ದಪ್ಪ ಅಕ್ಷರಗಳಲ್ಲಿ. ಖಂಡ 5ರ ಕೊನೆಯ ಭಾಗವನ್ನು ಅವರ ಕೋರಿಕೆಯ ಮೇರೆಗೆ ಉಳಿದ ಪ್ರತಿಗಳಿಂದ ತೆಗೆಯಲಾಗುವುದು.
3. ಪಾದ್ರಿಗಳಿಗೆ, ಕಾರು ತಗ್ಗಿನದಾದ್ದರಿಂದ ಬಗ್ಗಿ ತೀರ್ಥ ಚಿಮುಕಿಸಬೇಕೆಂಬ ವಿನಂತಿಯೊಂದಿಗೆ.
4. ಮೆಕ್ಯಾನಿಕ್ ಎರ್ವಿನ್ ಅವರಿಗೆ, ವಿಪಾವದ ಹುಡುಗನಿಗೆ ನಾಳೆ ಸಂಜೆಯವರೆಗೆ ಮಾತು ಕೊಡದಂತೆ.
5. ಕೋಳಿಗಳಿಗೆ, ಮಾಹಿತಿಗಾಗಿ.
6. ಬೂದು ಕಾರಿಗೆ. ಅದರ ತಪ್ಪೇನೂ ಇಲ್ಲ.
7. ಶ್ರೀ ಸಿಲ್ವೋ ಲಪಾಯ್ನೆ, ತಂದೆಯವರಿಗೆ. ಈ ಪ್ರತಿಯನ್ನು ಸಿದ್ಧಪಡಿಸುತ್ತಿರುವಾಗಲೇ ಸದರಿಯವರು ನಾಳೆಯ ಕಾಣಿಕೆಗಾಗಿ ಹಳದಿ ಕಾರಿನ ಕಿಲೋಮೀಟರು ನೋಡಿಕೊಂಡು, ಕೈಯಲ್ಲಿ ಕೀ ಹಿಡಿದು, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿರುತ್ತಾರೆ. "ತಿಂಕಾ, ಆಫೀಸಿಗೂ ಮನೆಗೂ ಇಷ್ಟು ದೂರ ಯಾವಾಗಿಂದ ಆಯ್ತಮ್ಮಾ? ದಿನಾ ಎಲ್ಲಿಗೆ ಹೋಗ್ತಿದ್ದೆ?" ಎಂದು ಕೇಳಿರುತ್ತಾರೆ. ಖಂಡ 6ರ ಮೇರೆಗೆ, ತಿರುವು ಸಿಗಲಿಲ್ಲ ಎಂದು ಉತ್ತರಿಸಲು ಅವಕಾಶವಿತ್ತು. ಖಂಡ 9ರ ಮೇರೆಗೆ ಬೂರ್ಯಾ ಗಾಳಿಯ ವಿಷಯ ಎತ್ತಬಹುದಿತ್ತು. ಯಾವುದನ್ನೂ ಬಳಸಿಕೊಂಡಿಲ್ಲ. ಕಾಗದವನ್ನು ಬೋರಲು ಹಾಕಿ, ಎದ್ದು ನಿಂತು, ಈ ಪ್ರತಿಯನ್ನು ಬಾಯಲ್ಲೇ ಕೊಡಲಾಯಿತು:

"ಎಲ್ಲಿಗೂ ಇಲ್ಲಪ್ಪಾ. ಸುಮ್ನೆ, ಅದನ್ನ ಓಡ್ಸಕ್ಕೆ ಅಂತ ಹೋಗ್ತಿದ್ದೆ. ನಂಗೆ ಆ ಕಾರು ಬೇಕು."